ಹಿಮ್ಮಡಿ ತುಳಿದ ಬೂಟು

೪ ನವೆಂಬರ್ ೧೯೫೯, ಬುಧವಾರ

ದೀಪಾವಳಿ ರಜೆ ಮುಗಿದು ಶಾಲೆ ತೆರೆಯಿತು. ಮಕ್ಕಳು ಕಲಿತಿದ್ದ ನಾಲ್ಕಕ್ಷರವನ್ನೂ ಎಣ್ಣೆಸ್ನಾನದ ನೀರಿನಲ್ಲಿ ತೊಳೆದುಕೊಂಡು ಬಂದಿದ್ದಾರೆ. ಇಪ್ಪತ್ತಾರು ವರ್ಷದಿಂದ ಈ ಬೋರ್ಡು ಶಾಲೆಯಲ್ಲಿ ಇಂಗ್ಲಿಷ್ ಬಿತ್ತುತ್ತಿದ್ದೇನೆ, ಒಂದು ಮೊಳಕೆ ಕಾಣಲಿಲ್ಲ. ಹೆಡ್ಮಾಸ್ಟರ್ ಮಹಾಗಣಪತಿ ಭಟ್ಟ ಎಂದು ನನ್ನ ಹೆಸರು ಗೋಡೆಯ ಮೇಲೆ ಬರೆದಿದೆ. ಅದರಲ್ಲಿಯೂ ಒಂದು ತಪ್ಪು ಉಂಟು. ತಿದ್ದಿಸುವಷ್ಟು ಉತ್ಸಾಹ ನನಗಿಲ್ಲ.

ಹೊಸ ಸಹಾಯಕ ಮಾಸ್ತರ ಬಂದ. ಹೆಸರು ಚನಿಯಪ್ಪ. ಬೇರೆ ಯಾರೂ ಅಲ್ಲ, ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಬೋಜನ ಮಗ. ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ, ಕಲ್ಲುಗುಂಡಿ ಕಡೆ ಒಂದು ವರ್ಷ ಇದ್ದು, ಈಗ ಸ್ವಂತ ಊರಿಗೇ ವರ್ಗವಾಗಿ ಬಂದಿದ್ದಾನೆ. ನೌಕರಿ ಇನ್ನೂ ಖಾಯಂ ಆಗಿಲ್ಲ. ಮಾಡಬಹುದೋ ಬಾರದೋ ಎಂದು ನಾನು ಡಿಸೆಂಬರಿನಲ್ಲಿ ಗುಪ್ತ ವರದಿ ಬರೆಯಬೇಕು. ಅಪ್ಪ ನನ್ನನ್ನು ಧಣಿ ಎನ್ನುತ್ತಾನೆ, ಮಗ ಬಂದು ಸಾರ್ ಎಂದ. ಇರಲಿ. ನಾನು ಜಾತಿ ನೋಡುವವನಲ್ಲ. ಹರಿಜನರನ್ನು ದೂರ ಇಡುವ ಕಾಲ ಹೋಯಿತು ಎಂದು ಹೋದ ತಿಂಗಳು ಗಾಂಧಿ ಜಯಂತಿಗೆ ನಾನೇ ಭಾಷಣ ಮಾಡಿದ್ದೇನೆ. ಅವನಿಗೆ ಕುರ್ಚಿ ಕೊಟ್ಟೆ. ಒಂದು ಕಾಲು ಕುಂಟುವ ಕುರ್ಚಿ, ಆದರೆ ಬೇರೆ ಯಾವುದೂ ಇರಲಿಲ್ಲ.

ನನಗೆ ಹಿಡಿಸದ್ದು ಅವನ ಬೂಟು. ಡ್ರಿಲ್ ಅವನ ಪಾಲಿಗೆ ಬಂದಿದೆ, ಡ್ರಿಲ್ ಮಾಸ್ತರನಿಗೆ ಕ್ಯಾನ್ವಾಸ್ ಬೂಟು ಇರಬೇಕೆಂದು ಸುತ್ತೋಲೆ. ಬೂಟು ಉಂಟು, ಬಿಳಿಯದೇ. ಆದರೆ ಲೇಸು ಇಲ್ಲ. ಹಿಂಬದಿಯನ್ನು ಹಿಮ್ಮಡಿಯಿಂದ ತುಳಿದು ಚಪ್ಪಟೆ ಮಾಡಿ, ಚಪ್ಪಲಿಯ ಹಾಗೆ ಎಳೆದುಕೊಂಡು ನಡೆಯುತ್ತಾನೆ. ಸರಕ್, ಸರಕ್. ಶಾಲೆಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ. ಬಚ್ಚಲಿಗೆ ಹೋಗುವವನ ನಡೆ.

೬ ನವೆಂಬರ್, ಶುಕ್ರವಾರ

ಎರಡು ದಿನದಿಂದ ನಾಲಿಗೆಯ ತುದಿಯಲ್ಲಿ ನಿಂತು ಕಾಡುತ್ತಿದ್ದ ಶಬ್ದ ಇವತ್ತು ಸಿಕ್ಕಿತು. ಸ್ಲಿಪ್‌ಶಾಡ್.

ನನ್ನ ದೊಡ್ಡ ಡಿಕ್ಷನರಿ ತೆಗೆದು ನೋಡಿದೆ. ಒಪ್ಪ ಓರಣವಿಲ್ಲದ, ಅಸಡ್ಡಾಳ ಎಂಬ ಅರ್ಥ ನನಗೆ ಗೊತ್ತೇ ಇತ್ತು. ಹುಟ್ಟಿದ ಬಗೆ ಗೊತ್ತಿರಲಿಲ್ಲ. ಸ್ಲಿಪ್ ಎಂದರೆ ಜಾರುವುದು. ಶಾಡ್ ಎಂದರೆ ಕಾಲಿಗೆ ಮೆಟ್ಟು ಹಾಕಿದ. ಕುದುರೆಗೆ ಲಾಳ ಹೊಡೆದರೂ ಅದೇ ಶಬ್ದ. ಎರಡನ್ನೂ ಜೋಡಿಸಿದರೆ ಸಡಿಲ ಮೆಟ್ಟಿನವನು. ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮನೆಯೊಳಗಿನ ಚಪ್ಪಲಿಯನ್ನೇ ಮೆಟ್ಟಿಕೊಂಡು ಬೀದಿಗೆ ಬರುವವರನ್ನು, ಬೂಟಿನ ಹಿಂಬದಿ ತುಳಿದುಕೊಂಡು ಓಡಾಡುವವರನ್ನು ಹೀಗೆ ಕರೆಯುತ್ತಿದ್ದರಂತೆ. ಆಮೇಲೆ ಕಾಲಿನಿಂದ ಕೈಗೆ ಹತ್ತಿ, ಕೆಲಸ ಕೆಡಿಸುವವರಿಗೆಲ್ಲ ಇದೇ ಹೆಸರಾಯಿತು.

ಎಷ್ಟು ಒಳ್ಳೆಯ ಶಬ್ದ. ಈ ಚನಿಯಪ್ಪ ಹುಟ್ಟುವ ನಾನೂರು ವರ್ಷ ಮೊದಲೇ ಅವನಿಗೆಂದು ಅಳತೆ ತೆಗೆದು ಹೊಲಿದು ಇಟ್ಟಿದ್ದಾರೆ. ಇಡೀ ದಿನ ಮನಸ್ಸು ಹಗುರ ಇತ್ತು.

೧೩ ನವೆಂಬರ್, ಶುಕ್ರವಾರ

ಎಂಟನೇ ಕ್ಲಾಸಿಗೆ ಆ ಶಬ್ದ ಕಲಿಸಿದೆ. ಹುಟ್ಟಿದ ಬಗೆಯನ್ನೂ ಹೇಳಿದೆ. ಮಕ್ಕಳು ಎಂದಿನಂತೆ ಬಾಯಿ ಬಿಟ್ಟುಕೊಂಡು ಕೂತಿದ್ದರು. ಅಷ್ಟರಲ್ಲಿ ಚನಿಯಪ್ಪ ಐದನೆಯವರಿಗೆ ಡ್ರಿಲ್ ಮಾಡಿಸಿ ಅಂಗಳ ದಾಟುತ್ತಿದ್ದ. ಸರಕ್, ಸರಕ್. ನಾನು ಬೆತ್ತದಿಂದ ಕಿಟಕಿಯ ಹೊರಗೆ ಅವನ ಕಾಲು ತೋರಿಸಿದೆ, ಅಷ್ಟೆ. ನಲವತ್ತು ಮಕ್ಕಳಿಗೂ ಒಟ್ಟಿಗೆ ಅರ್ಥವಾಯಿತು, ನಕ್ಕರು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಬೇಗ ಯಾವ ಶಬ್ದವೂ ಅವರ ತಲೆಗೆ ಹೋಗಿರಲಿಲ್ಲ.

ಅವನು ನಿಂತು ಕಿಟಕಿಯ ಕಡೆ ನೋಡಿದ. ಸಂಜೆ ಬಂದು ಡಿಕ್ಷನರಿ ಒಂದು ದಿನಕ್ಕೆ ಕೊಡ್ತೀರಾ ಎಂದು ಕೇಳಿದ. ಕೊಟ್ಟೆ. ಓದಿಕೊಳ್ಳಲಿ.

೧೬ ನವೆಂಬರ್, ಸೋಮವಾರ

ಡಿಕ್ಷನರಿ ವಾಪಸು ಕೊಟ್ಟ. ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿದ್ದಾನೆ, ಮಡಚಿದ ಅಂಚು ಒಂದಿಷ್ಟೂ ಆಚೀಚೆ ಆಗಿಲ್ಲ. ಬಿಟ್ಟುಹೋಗಿದ್ದ ಬೆನ್ನನ್ನು ಗೋಂದು ಹಚ್ಚಿ ಅಂಟಿಸಿದ್ದಾನೆ. ನಾನು ಹೇಳಿರಲಿಲ್ಲ. ಹೇಳದೆ ಮಾಡುವ ಅಧಿಕಪ್ರಸಂಗ ನನಗೆ ಆಗುವುದಿಲ್ಲ.

೧೪ ಡಿಸೆಂಬರ್, ಸೋಮವಾರ

ವರದಿ ಕಳಿಸಿದೆ. ಪಾಠ, ಹಾಜರಿ, ನಡತೆ, ಮೂರಕ್ಕೂ ತೃಪ್ತಿಕರ ಎಂದು ಬರೆದೆ. ನಾಲ್ಕನೆಯದು ಅಭ್ಯಾಸಗಳು. ಅಲ್ಲಿ ಒಂದೇ ಶಬ್ದ ಬರೆದೆ. ಆ ಶಬ್ದ ಬರೆಯುವಾಗ ಕೈಗೆ ಒಂದು ಸುಖ ಇತ್ತು. ಮೇಲಿನ ಆಫೀಸಿನಲ್ಲಿ ಅದರ ಅರ್ಥ ತಿಳಿದವರು ಎಷ್ಟು ಜನ ಇದ್ದಾರೋ ದೇವರೇ ಬಲ್ಲ.

೨೨ ಡಿಸೆಂಬರ್, ಮಂಗಳವಾರ

ಕಪಾಟಿನ ಬೀಗದ ಕೈ ಕಾಣುವುದಿಲ್ಲ. ಬೀಗ ಒಡೆಸಿದರೆ ಒಳಗೆ ಹಳೆ ಹಾಜರಿ ಪುಸ್ತಕಕ್ಕೆ ಗೆದ್ದಲು. ಮೂರು ವರ್ಷದ್ದು ಹೋಯಿತು. ಬೀಗದ ಕೈ ನನ್ನ ಕೋಟಿನ ಕಿಸೆಯಲ್ಲೇ ಇತ್ತು. ಗೆದ್ದಲಿಗೂ ನನ್ನ ಮೇಲೆ ಹಗೆ.

೧೧ ಜನವರಿ ೧೯೬೦, ಸೋಮವಾರ

ಸೊಂಟ ಹಿಡಿದಿದೆ. ಶಾಲೆಗೆ ಹೋಗಲಿಲ್ಲ. ಜಗಲಿಯಲ್ಲಿ ಅಮ್ಮನ ಪಕ್ಕದಲ್ಲಿ ಕೂತೆ. ಅಮ್ಮ ದಿನವಿಡೀ ಅಲ್ಲಿ ಕೂತು ದಾರಿ ನೋಡುತ್ತಾಳೆ. ನಮ್ಮ ಅಂಗಳದ ಕೆಳಗೇ ಊರಿನ ಕಾಲುದಾರಿ. ನಾನು ಎಲ್ಲರಿಗಿಂತ ಮೊದಲು ಶಾಲೆಗೆ ಹೋಗುವವನಾದ್ದರಿಂದ ಯಾರು ಹೋಗುತ್ತಾರೆ, ಯಾರು ಬರುತ್ತಾರೆ ಎಂದು ನೋಡಿದವನಲ್ಲ.

ಒಂಬತ್ತು ಗಂಟೆಗೆ ಚನಿಯಪ್ಪ ಬಂದ. ಹಲಸಿನ ಮರದ ತಿರುವಿನಲ್ಲಿ ನಿಂತ. ಬಗ್ಗಲಿಲ್ಲ, ಕೂರಲಿಲ್ಲ. ಎಡಗಾಲು ಸ್ವಲ್ಪ ಎತ್ತಿದ, ಬೂಟು ಕಳಚಿ ಬಿತ್ತು. ಬಲಗಾಲು ಎತ್ತಿದ, ಅದೂ ಬಿತ್ತು. ಎರಡನ್ನೂ ಹೆಕ್ಕಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಮ್ಮ ಮನೆಯ ಎದುರು ನಡೆದುಹೋದ. ಆಚೆಯ ಬೇಲಿಯ ತಡಮೆ ದಾಟಿದ ಮೇಲೆ ಬೂಟು ನೆಲಕ್ಕೆ ಹಾಕಿ ಕಾಲು ತೂರಿಸಿ ಹೋದ.

ಈಗ ಗೊತ್ತಾಯಿತು. ಅವನು ಸೋಮಾರಿ ಮಾತ್ರ ಅಲ್ಲ, ಜಿಪುಣ. ಕಲ್ಲು ದಾರಿಯಲ್ಲಿ ಅಟ್ಟೆ ಸವೆಯುತ್ತದೆಂದು ಬೂಟನ್ನು ಕೈಯಲ್ಲಿ ಹಿಡಿದು ಕಾಲನ್ನು ಸವೆಸುತ್ತಾನೆ. ಪುತ್ತೂರಿನ ಸಂತೆಗೆ ಹೋಗುವವರು ಪೇಟೆಯ ಅಂಚಿನವರೆಗೆ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುವುದನ್ನು ನೋಡಿದ್ದೇನೆ. ಸರಕಾರಿ ಮಾಸ್ತರನಾದರೂ ಅದೇ ಬುದ್ಧಿ.

೧೨ ಜನವರಿ, ಮಂಗಳವಾರ

ಸೊಂಟ ಹಾಗೆಯೇ ಇದೆ. ಇವತ್ತೂ ಅವನು ಅದೇ ಜಾಗದಲ್ಲಿ ಬೂಟು ಕಳಚಿದ. ನಾನು ನಕ್ಕು, ಶಂಕರಿಯನ್ನು ಕರೆದು, ಬಾ ಇಲ್ಲಿ, ಅಟ್ಟೆ ಉಳಿಸುವವನನ್ನು ನೋಡು ಎಂದೆ. ಮದುವೆಯಾಗಿ ಮೂವತ್ತು ವರ್ಷವಾದರೂ ನನ್ನ ತಮಾಷೆಗೆ ಅವಳು ನಕ್ಕದ್ದಿಲ್ಲ. ಇವತ್ತೂ ನಗಲಿಲ್ಲ. ನಾನು ನಿಜವಾಗಿ ತಿಳಿಯದೆ ಹೇಳುತ್ತಿದ್ದೇನೆಯೋ ಎಂದು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು: ಅವನು ನಮ್ಮ ಮನೆಯ ಎದುರು ತೆಗೆಯುವುದು. ಬೋಜ ಅದೇ ಜಾಗದಲ್ಲಿ ತಲೆಯ ಮುಟ್ಟಾಳೆ ಟೊಪ್ಪಿ ತೆಗೆಯುತ್ತಾನೆ. ಅವನ ಅಪ್ಪನೂ ತೆಗೆಯುತ್ತಿದ್ದ. ಇವನಿಗೆ ಕಾಲಿಗೆ ಹಾಕಲು ಉಂಟಾದ್ದರಿಂದ ಕಾಲಿನದು ತೆಗೆಯುತ್ತಾನೆ. ಇಷ್ಟು ಹೇಳಿ ಅಕ್ಕಿ ಆರಿಸಲು ಒಳಗೆ ಹೋದಳು.

ಅಮ್ಮ ಕಣ್ಣು ಮಿಟುಕಿಸದೆ ದಾರಿ ನೋಡುತ್ತಿದ್ದಳು.

೧೩ ಜನವರಿ, ಬುಧವಾರ

ನಾನು ಯಾರಿಗೂ ತೆಗೆ ಎಂದು ಹೇಳಿದವನಲ್ಲ. ಬೋಜನಿಗೂ ಹೇಳಿಲ್ಲ. ಇವನಿಗೂ ಹೇಳಿಲ್ಲ. ಯಾರೂ ಹೇಳದೆ ತೆಗೆದರೆ ಅದು ತೆಗೆಯುವವನ ದಡ್ಡತನ.

೨೫ ಜನವರಿ, ಸೋಮವಾರ

ಮೇಲಿನ ಆಫೀಸಿನಿಂದ ಕಾಗದ. ನನ್ನ ವರದಿಯ ನಾಲ್ಕನೆಯ ಕಲಮಿನಲ್ಲಿ ಬರೆದ ದೋಷಕ್ಕೆ ನಿದರ್ಶನ ಬೇಕಂತೆ. ದೋಷ ನಿಜವಾದರೆ ಮಾರ್ಚಿನ ಕೊನೆಗೆ ಚನಿಯಪ್ಪನನ್ನು ನೌಕರಿಯಿಂದ ಬಿಡಿಸುತ್ತಾರಂತೆ. ವಿಚಾರಣೆಗೆ ಇನ್‌ಸ್ಪೆಕ್ಟರು ಫೆಬ್ರವರಿ ಹನ್ನೊಂದಕ್ಕೆ ಬರುತ್ತಾರೆ. ಒಂದು ಶಬ್ದಕ್ಕೆ ಇಷ್ಟೆಲ್ಲ. ಮೂರು ಕಡೆ ತೃಪ್ತಿಕರ ಎಂದು ಬರೆದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಆ ಆಫೀಸಿನವರು ಊಟದ ಎಲೆಯಲ್ಲಿಯೂ ಉಪ್ಪಿನಕಾಯಿಯನ್ನೇ ಮೊದಲು ನೋಡುವವರು.

ನಿದರ್ಶನ ತಾನೇ, ಕೊಟ್ಟರಾಯಿತು ಎಂದು ಅವನ ಕಡತಗಳನ್ನೆಲ್ಲ ಹರಡಿ ಕೂತೆ. ಪಾಠದ ಟಿಪ್ಪಣಿ ದಿನ ಬಿಡದೆ ಬರೆದಿದ್ದಾನೆ. ಹಾಜರಿ ಪುಸ್ತಕದಲ್ಲಿ ಒಂದು ಚಿತ್ತು ಇಲ್ಲ. ಮಕ್ಕಳ ಕಾಪಿ ಪುಸ್ತಕ ಒಂದೊಂದನ್ನೂ ತಿದ್ದಿ ತಾರೀಕು ಹಾಕಿದ್ದಾನೆ. ಹೋಲಿಸಿ ನೋಡೋಣ ಎಂದು ನನ್ನ ಟಿಪ್ಪಣಿಯನ್ನು ತೆಗೆದೆ, ಅಕ್ಟೋಬರಿನಿಂದ ಈಚೆಗೆ ಬರೆದೇ ಇಲ್ಲ. ಪುಟದ ನಡುವೆ ಕಾಫಿಯ ಲೋಟದ ಉರುಟು ಕಲೆ. ಮುಚ್ಚಿಟ್ಟೆ. ಹೆಡ್ಮಾಸ್ಟರಿಗೆ ನೂರು ತಾಪತ್ರಯ ಇರುತ್ತದೆ.

ಉಳಿದದ್ದು ಬೂಟು ಒಂದೇ.

೨೭ ಜನವರಿ, ಬುಧವಾರ

ಅವನನ್ನೇ ಕೇಳಿದೆ. ಬೂಟಿಗೆ ಲೇಸು ಹಾಕಿ ಕಟ್ಟಲು ಎಂತ ಕಷ್ಟ ಎಂದು. ಕಲ್ಲುಗುಂಡಿಯಲ್ಲಿದ್ದಾಗ ಲೇಸು ಇತ್ತು ಎಂದ. ಇಲ್ಲಿಗೆ ಬಂದ ಮೇಲೆ ಅವನ ಗುಡಿಸಲಿನಿಂದ ಶಾಲೆಗೆ ನಾಲ್ಕು ಮನೆ ದಾಟಬೇಕು. ಮೊದಲನೆಯದು ನಮ್ಮದು, ಆಮೇಲೆ ನನ್ನ ದಾಯಾದಿ ಪರಮೇಶ್ವರನದು, ಮತ್ತೆರಡು ಅದರಾಚೆ. ಬೆಳಿಗ್ಗೆ ನಾಲ್ಕು ಸಲ, ಸಂಜೆ ನಾಲ್ಕು ಸಲ. ಪ್ರತಿ ಸಲ ದಾರಿಯಲ್ಲಿ ಕೂತು ಲೇಸು ಬಿಚ್ಚಿ ಕಟ್ಟಿದರೆ ಪ್ರಾರ್ಥನೆಯ ಗಂಟೆಗೆ ಮುಟ್ಟಲಿಕ್ಕೆ ಆಗುವುದಿಲ್ಲ. ಅದಕ್ಕೆ ತುಳಿದು ಸಡಿಲ ಮಾಡಿಕೊಂಡದ್ದು. ಇದನ್ನೆಲ್ಲ ಅವನು ಬಸ್ಸಿನ ಸಮಯ ಹೇಳುವ ಹಾಗೆ ಹೇಳಿದ.

ಹಾಗಾದರೆ ಮನೆಯಿಂದಲೇ ಕೈಯಲ್ಲಿ ಹಿಡಿದುಕೊಂಡು ಬಂದು ಶಾಲೆಯಲ್ಲಿ ಹಾಕಿಕೊಳ್ಳಬಹುದಲ್ಲ, ಇಷ್ಟು ಸಲ ಹಾಕುವುದು ತೆಗೆಯುವುದು ಯಾಕೆ ಎಂದೆ. ಬುದ್ಧಿ ಇದ್ದವನು ಹಾಗೆಯೇ ಮಾಡುತ್ತಾನೆ.

"ಮನೆ ಎದುರು ತೆಗೆಯುದು ಅವರಿಗೆ ಬೇಕಾಗಿ ಸಾರ್," ಎಂದ. "ನಡುವಿನ ದಾರಿ ಯಾರದ್ದೂ ಅಲ್ಲ ಅಲ್ವಾ. ಅಲ್ಲಿ ನಾನು ಹಾಕಿಕೊಂಡೇ ಹೋಗುದು."

ಅವರಿಗೆ ಎಂದ. ನಿಮಗೆ ಎನ್ನಲಿಲ್ಲ. ಮರ್ಯಾದೆಗೋ ಕುಚೋದ್ಯಕ್ಕೋ ತಿಳಿಯಲಿಲ್ಲ. ಡಿಕ್ಷನರಿಯನ್ನು ಮತ್ತೊಮ್ಮೆ ತೆರೆದು ನೋಡಿದೆ. ಆ ಇಂಗ್ಲೆಂಡಿನವರು ಹಿಂಬದಿ ತುಳಿದರು ಎಂದು ಬರೆದಿದೆ. ಯಾಕೆ ತುಳಿದರು ಎಂದು ಬರೆದಿಲ್ಲ. ದೊಡ್ಡ ಪುಸ್ತಕ ಎಂದು ಇಷ್ಟು ವರ್ಷ ತಲೆಯ ಮೇಲೆ ಹೊತ್ತದ್ದೇ ಬಂತು.

೫ ಫೆಬ್ರವರಿ, ಶುಕ್ರವಾರ

ನಿದರ್ಶನದ ಕಾಗದ ಇನ್ನೂ ಬರೆದಿಲ್ಲ. ಬೂಟು ಎಂದು ಬರೆದರೆ ಇನ್‌ಸ್ಪೆಕ್ಟರು ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಬರೆದರೆ ನಮ್ಮ ಮನೆಯ ಹೆಸರು ಸರಕಾರದ ಕಾಗದದಲ್ಲಿ ಬರುತ್ತದೆ. ಐವತ್ತೈದರಲ್ಲಿ ಅಸ್ಪೃಶ್ಯತೆಗೆ ಕಾಯಿದೆ ಬಂದಿದೆ, ಅದರ ಪ್ರತಿಯನ್ನು ಶಾಲೆಯ ಗೋಡೆಗೆ ಅಂಟಿಸಿದವನು ನಾನೇ. ಪಿಂಚಣಿಗೆ ಇನ್ನು ಎರಡು ವರ್ಷ. ಇವನೊಬ್ಬ ಈ ಊರಿಗೆ ಬಾರದೆ ಇದ್ದಿದ್ದರೆ ಏನಾಗುತ್ತಿತ್ತು?

ಈಗ ನಾನು ಅಮ್ಮನ ಪಕ್ಕ ಜಗಲಿಯಲ್ಲಿ ಕೂತುಕೊಳ್ಳುವುದಿಲ್ಲ.

೧೧ ಫೆಬ್ರವರಿ, ಗುರುವಾರ

ಇನ್‌ಸ್ಪೆಕ್ಟರು ಬಂದು ಹೋದರು. ದಪ್ಪ ಮನುಷ್ಯ, ಶಾಲೆಗಿಂತ ಊಟದ ಮೇಲೆ ಕಣ್ಣು. ಊಟ ನಮ್ಮಲ್ಲೇ. ಹೆಡ್ಮಾಸ್ಟರ ಮನೆಯಲ್ಲಿ ಊಟ ಮಾಡುವುದು ಅವರ ಕಾನೂನಿನಲ್ಲಿ ಎಲ್ಲಿ ಬರೆದಿದೆಯೋ ಗೊತ್ತಿಲ್ಲ, ಯಾರೂ ತಪ್ಪಿಸುವುದಿಲ್ಲ. ಊಟವಾದ ಮೇಲೆ ಚನಿಯಪ್ಪ ಕಡತಗಳನ್ನು ನಮ್ಮ ಮನೆಗೇ ತರಬೇಕು, ಜಗಲಿಯಲ್ಲಿ ಕೂತು ನೋಡುತ್ತೇನೆ ಎಂದು ಮೊದಲೇ ಹೇಳಿ ಕಳಿಸಿದ್ದರು.

ಅದಕ್ಕೆ ನಾನು ಬೆಳಿಗ್ಗೆಯೇ ಹಲಸಿನ ಮರದ ತಿರುವಿನಲ್ಲಿ ನಿಂತು ಅವನನ್ನು ಹಿಡಿದೆ. ಅಲ್ಲಿ ನಿಂತು ನನಗೆ ಅಭ್ಯಾಸವಿಲ್ಲ. ಅಮ್ಮ ಜಗಲಿಯಿಂದ ನೋಡುತ್ತಿದ್ದಳು, ಆದ್ದರಿಂದ ಸಣ್ಣಕ್ಕೆ ಹೇಳಿದೆ. ಇವತ್ತು ಇನ್‌ಸ್ಪೆಕ್ಟರು ಇರುತ್ತಾರೆ, ಬೂಟು ತೆಗೆಯಬೇಡ, ಹಾಕಿಕೊಂಡೇ ಅಂಗಳಕ್ಕೆ ಬಾ ಎಂದೆ.

"ಇವತ್ತು ಮಾತ್ರವಾ ಸಾರ್?"

ನನ್ನ ಮುಖವನ್ನು ನೋಡುತ್ತಾ ನಿಂತ. ಕಾದ ಎಂದೇ ಹೇಳಬೇಕು. ನನಗೆ ಅಡುಗೆಯ ವಿಚಾರಣೆ ಇತ್ತು, ಬಾಳೆಎಲೆ ಬಂದಿರಲಿಲ್ಲ, ನಾನು ಹೊರಟುಬಂದೆ. ಅವನು ಬೂಟು ಕಳಚಿ ಕೈಯಲ್ಲಿ ಹಿಡಿದು ದಾಟಿದ್ದನ್ನು ಅಡುಗೆಮನೆಯ ಕಿಟಕಿಯಿಂದ ಕಂಡೆ.

ಮಧ್ಯಾಹ್ನವೂ ಹಾಗೆಯೇ ಬಂದ. ತಲೆಯ ಮೇಲೆ ಕಡತದ ಕಟ್ಟು, ಒಂದು ಕೈ ಅದಕ್ಕೆ ಆಧಾರ, ಇನ್ನೊಂದು ಕೈಯಲ್ಲಿ ಬೂಟು. ಇನ್‌ಸ್ಪೆಕ್ಟರು ವೀಳ್ಯ ಮೆಲ್ಲುತ್ತಾ ನೋಡಿ, ಅದೆಂತದು ಮಾರಾಯ್ರೆ, ಬೂಟು ಕಾಲಿಗೋ ಕೈಗೋ ಎಂದು ನನ್ನನ್ನು ಕೇಳಿದರು. ಅಮ್ಮ ಅಲ್ಲೇ ಇದ್ದಳು. ಶಂಕರಿ ಬಾಗಿಲಲ್ಲಿ ಇದ್ದಳು. ಚನಿಯಪ್ಪ ಅಂಗಳದಲ್ಲಿ ನಿಂತಿದ್ದ, ನಾಲ್ಕು ಮಾರು ದೂರ.

"ಅಟ್ಟೆ ಸವೆಯುದು ಬೇಡ ಅಂತ," ಎಂದೆ. "ಸ್ವಲ್ಪ ಜಿಪುಣ."

ಇನ್‌ಸ್ಪೆಕ್ಟರು ನಕ್ಕರು. ನಾನೂ ನಕ್ಕೆ. ಚನಿಯಪ್ಪ ಕಡತದ ಕಟ್ಟನ್ನು ಮೆಟ್ಟಿಲ ಮೇಲೆ ಇಟ್ಟ, ಅಂಚಿಗೆ ಅಂಚು ಸರಿಯಾಗಿ.

೧೨ ಫೆಬ್ರವರಿ, ಶುಕ್ರವಾರ

ಶಂಕರಿ ಎರಡು ಹೊತ್ತಿನಿಂದ ಮಾತಾಡುತ್ತಿಲ್ಲ. ಬಡಿಸುತ್ತಾಳೆ, ಹೋಗುತ್ತಾಳೆ.

೧೫ ಫೆಬ್ರವರಿ, ಸೋಮವಾರ

ಚನಿಯಪ್ಪ ಎಂದಿನಂತೆ ಬಂದ, ಎಂದಿನಂತೆ ನಮಸ್ಕಾರ ಮಾಡಿದ, ಎಂದಿನಂತೆ ಪಾಠ ಮಾಡಿದ. ಬಯ್ದಿದ್ದರೆ ನನಗೂ ನಾಲ್ಕು ಮಾತು ಆಡಲು ಅನುಕೂಲವಾಗುತ್ತಿತ್ತು. ಎಂಟನೇ ಕ್ಲಾಸಿನ ಒಬ್ಬ ಅವನ ಹಿಂದೆ ನಡೆಯುತ್ತಾ ಕಾಲು ಎಳೆದು ಸರಕ್ ಸರಕ್ ಎಂದು ಅಣಕಿಸುತ್ತಿದ್ದ. ನಾನು ಕರೆದು ಕಿವಿ ಹಿಂಡಿದೆ. ನೀವೇ ಹೇಳಿಕೊಟ್ಟದ್ದಲ್ವಾ ಸಾರ್ ಎಂದ. ಈ ಕಾಲದ ಮಕ್ಕಳಿಗೆ ಬಾಯಿ ಜಾಸ್ತಿ.

೨೩ ಫೆಬ್ರವರಿ, ಮಂಗಳವಾರ

ಇನ್‌ಸ್ಪೆಕ್ಟರರ ಷರಾ ಬಂತು. ಮಾಸ್ತರನ ವೇಷ ಶಿಸ್ತಿಗೆ ಹೊಂದುವುದಿಲ್ಲ, ಬೂಟನ್ನು ಕೈಯಲ್ಲಿ ಹಿಡಿದು ನಡೆಯುವುದನ್ನು ಕಣ್ಣಾರೆ ಕಂಡಿದ್ದೇನೆ, ಅದು ಜಿಪುಣತನದಿಂದ ಎಂದು ಹೆಡ್ಮಾಸ್ಟರರೇ ತಿಳಿಸಿದ್ದಾರೆ, ನೌಕರಿಯಿಂದ ಬಿಡಿಸಬಹುದು. ನನ್ನ ಒಂದು ಶಬ್ದ, ನನ್ನ ಇನ್ನೊಂದು ಮಾತು. ಎರಡಕ್ಕೂ ಆ ದಪ್ಪ ಮನುಷ್ಯ ಮೊಹರು ಒತ್ತಿದ್ದಾನೆ. ನಮ್ಮಲ್ಲಿ ಎರಡು ಸಲ ಪಾಯಸ ಹಾಕಿಸಿಕೊಂಡವನಿಗೆ ಅಂಗಳಕ್ಕೆ ಇಳಿದು ಅವನನ್ನೇ ಒಂದು ಮಾತು ಕೇಳುವಷ್ಟು ಮೈ ಬಗ್ಗಲಿಲ್ಲ.

ಬಗ್ಗದ ಮೈ ಅವನದ್ದೊಂದೇ ಅಲ್ಲ. ನಾನು ಇಷ್ಟು ವರ್ಷ ಈ ಪುಸ್ತಕದಲ್ಲಿ ಊರಿನವರನ್ನೆಲ್ಲ ಬರೆದು ಬಯ್ದಿದ್ದೇನೆ. ಹನ್ನೊಂದನೇ ತಾರೀಕಿನ ಪುಟ ಮತ್ತೊಮ್ಮೆ ಓದಿದೆ. ಇಂಥವನು ಊರಿನಲ್ಲಿ ಬೇರೆ ಯಾರೂ ಇಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಕಾಗದ ಬರೆದೆ. ಇಂಗ್ಲಿಷಿನಲ್ಲೇ, ಅಲಂಕಾರ ಇಲ್ಲದೆ. ನನ್ನ ವರದಿಯ ನಾಲ್ಕನೆಯ ಕಲಮಿನ ಶಬ್ದ ತಪ್ಪು, ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇವರ ಬೂಟಿನ ಹಿಂಬದಿ ತುಳಿದಿರುವುದಕ್ಕೆ ಕಾರಣ, ಶಾಲೆಗೆ ಬರುವ ದಾರಿಯಲ್ಲಿ ನಾಲ್ಕು ಮನೆಗಳ ಎದುರು ಅದನ್ನು ಕಳಚಬೇಕಾಗಿ ಬಂದಿರುವುದು. ಆ ಮನೆಗಳಲ್ಲಿ ಮೊದಲನೆಯದು ನನ್ನದು. ಇನ್‌ಸ್ಪೆಕ್ಟರರಿಗೆ ನಾನು ಸುಳ್ಳು ಹೇಳಿದೆ. ರುಜು ಹಾಕಿ, ಶಾಲೆಯವರ ಕೈಯಲ್ಲಿ ಕೊಡದೆ, ಐವರ್ನಾಡಿನವರೆಗೆ ನಾನೇ ನಡೆದುಹೋಗಿ ಅಂಚೆಗೆ ಹಾಕಿದೆ. ಸೊಂಟ ಮತ್ತೆ ಹಿಡಿದಿದೆ. ಆ ಡಬ್ಬಿಯ ಬಾಯಿಗೆ ತುಕ್ಕು, ಕಾಗದ ಒಳಗೆ ಬೀಳಲು ಎರಡು ಸಲ ತಳ್ಳಬೇಕಾಯಿತು. ಈ ಸೀಮೆಯಲ್ಲಿ ಒಂದೂ ಸರಿ ಇಲ್ಲ.

೨೬ ಮಾರ್ಚ್, ಶನಿವಾರ

ಒಂದೇ ಲಕೋಟೆಯಲ್ಲಿ ಎರಡು ಕಾಗದ. ಚನಿಯಪ್ಪ ಮಾಸ್ಟ್ರ ನೌಕರಿ ಖಾಯಂ. ಇನ್ನೊಂದು ನನಗೆ: ನನ್ನ ಮೇಲೆ ಯಾಕೆ ಕ್ರಮ ಜರುಗಿಸಬಾರದು ಎಂದು ಹದಿನೈದು ದಿನದೊಳಗೆ ಸಮಜಾಯಿಷಿ ಕೊಡಬೇಕು. ಅದರಲ್ಲಿ ಮೂರು ಸ್ಪೆಲ್ಲಿಂಗ್ ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿಟ್ಟೆ.

ಆರ್ಡರನ್ನು ಅವರ ಕೈಗೆ ಕೊಟ್ಟೆ. ಎರಡು ಸಲ ಓದಿ, ಮಡಚಿ, ಕಿಸೆಗೆ ಹಾಕಿಕೊಂಡರು. ನಾನು ಬರೆದ ಕಾಗದದ ಸುದ್ದಿ ಅವರಿಗೆ ಗೊತ್ತಿದೆಯೋ ಇಲ್ಲವೋ. ನಾನು ಹೇಳಲಿಲ್ಲ, ಅವರು ಕೇಳಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ, ಸೋಮವಾರದಿಂದ ಆ ಮಾಸ್ಟ್ರು ಬೂಟು ಹಾಕಿಕೊಂಡೇ ಹೋಗುತ್ತಾರೆ ಎಂದು. ಅಮ್ಮ ಅನ್ನ ಬಿಟ್ಟು ಎದ್ದಳು. ಶಂಕರಿ ನನ್ನ ಎಲೆಗೆ ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದಳು.

೨೮ ಮಾರ್ಚ್, ಸೋಮವಾರ

ಬೆಳಿಗ್ಗೆ ಹಲಸಿನ ಮರದ ತಿರುವಿನಲ್ಲಿ ನಿಂತೆ. ಚನಿಯಪ್ಪ ಮಾಸ್ಟ್ರು ಬಂದರು. ಎಡಗಾಲು ಎತ್ತುವ ಮೊದಲೇ ಹೇಳಿದೆ.

"ಇವತ್ತು ಮಾತ್ರ ಅಲ್ಲ."

ಯಾವ ಪ್ರಶ್ನೆಗೆ ಇದು ಉತ್ತರ ಎಂದು ಅವರು ಕೇಳಲಿಲ್ಲ. ಜಗಲಿಯ ಕಡೆ ನೋಡಿದರು. ಅಮ್ಮ ಇದ್ದಳು. ನಾನು, ಇನ್ನು ಲೇಸು ಹಾಕಿ ಸರಿಯಾಗಿ ಕಟ್ಟಬಹುದಲ್ಲ, ಡ್ರಿಲ್ ಮಾಸ್ಟ್ರು ಹೀಗೆ ನಡೆದರೆ ಚೆನ್ನಾಗಿ ಕಾಣುವುದಿಲ್ಲ ಎಂದೆ. ಅವರು ಬಗ್ಗಿ ಬೂಟಿನ ಹಿಂಬದಿಯನ್ನು ಬೆರಳಿನಿಂದ ಎತ್ತಿ ನಿಲ್ಲಿಸಿದರು. ಬೆರಳು ತೆಗೆದ ಕೂಡಲೇ ಅದು ಮಡಚಿ ಬಿತ್ತು.

"ಇರಲಿ ಸಾರ್," ಎಂದರು. "ಮುಂದೆ ಇನ್ನೂ ಮೂರು ಮನೆ ಉಂಟಲ್ಲ."

ನಡೆದರು. ನಮ್ಮ ಮನೆಯ ಎದುರು, ನೇರ. ಸರಕ್, ಸರಕ್. ಅಮ್ಮ ಎದ್ದು ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಎಂಥಾ ಕೆಟ್ಟ ಸದ್ದು. ಸ್ವಲ್ಪ ಕಾಲು ಎತ್ತಿ ಇಟ್ಟರೆ ಇವರಿಗೆ ಏನು ನಷ್ಟ? ತಡಮೆ ದಾಟಿ, ಗದ್ದೆಯ ಅಂಚಿನ ಹುಣಿ ಹಿಡಿದು ಹೋದರೂ ಕೇಳುತ್ತಲೇ ಇತ್ತು. ಪ್ರಾರ್ಥನೆಗೆ ಹೊತ್ತಾಗಿತ್ತು, ನಾನು ಹೊರಡಬೇಕಿತ್ತು, ಆದರೂ ನಿಂತು ಕೇಳಿದೆ. ಪರಮೇಶ್ವರನ ಮನೆಯ ಬೇಲಿ ಬಂದಲ್ಲಿ ಸದ್ದು ನಿಂತಿತು. ತುಂಬಾ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಆಚೆ ಕಡೆಯಿಂದ ಮತ್ತೆ ಶುರುವಾಯಿತು.